ಪಕ್ಕದ ನಂಬರಿನ ಬಾಗಿಲು

ಅಪ್ಪಾಜಿ,

ಶನಿವಾರಸಂತೆಯ ನಿಮ್ಮ ಸ್ಟುಡಿಯೋದಲ್ಲೇ ಕೂತು ಬರೆಯುತ್ತಿದ್ದೇನೆ. ನೀವು ನೆಗೆಟಿವ್ ಇಟ್ಟು ಬೀಗ ಹಾಕುತ್ತಿದ್ದ ಬೀರು ಈಗ ಖಾಲಿ. ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ ಇಂಟರ್‌ನೆಟ್‌ನ ಒಂದು ಸಾಫ್ಟ್‌ವೇರ್‌ಗೆ ಹಾಕಿದ್ದೇನೆ. ಪ್ರತಿ ಮನೆಗೂ ಒಂದು ನಂಬರು, ಒಂದು ಪಾಸ್‌ವರ್ಡ್; ಅವರವರ ಫೋಟೋ ಅವರವರು ಮನೆಯಲ್ಲೇ ಕೂತು ನೋಡಬಹುದು. ತೀರಿಕೊಂಡವರಿಗೆ ವಿಭೂತಿ ಹಚ್ಚಿ, ಹೂವಿನ ನಡುವೆ ಕೂರಿಸಿದಾಗ ತೆಗೆದ ಕೊನೆಯ ಫೋಟೋಗಳೂ ಅಲ್ಲೇ ಇವೆ. ಅವನ್ನು ಮನೆಯವರಿಗಲ್ಲದೆ ಬೇರೆ ಯಾರಿಗೂ ನೀವು ತೋರಿಸಿದವರಲ್ಲ. "ಅದು ಅವ್ರ ಮನೆ ದುಃಖ ಕಣವ್ವ, ನಮ್ಮ ಅಂಗ್ಡಿ ಸರಕಲ್ಲ" ಅನ್ನುತ್ತಿದ್ದಿರಿ.

ಮೊನ್ನೆ ಶಿರಂಗಾಲದ ಧರ್ಮೇಶ್ ಫೋನ್ ಮಾಡಿದರು. ನೀವು ಹೋದ ಮೇಲೆ ನಾನೊಬ್ಬಳೇ ತೆಗೆದ ಮೊದಲ ಮದುವೆ ಅವರ ತಂಗಿಯದು.

"ಅಕ್ಕಾ, ಮದ್ವೆ ಫೋಟೋ ನೋಡಕ್ಕೆ ಹೋಗಿ, ವೆಬ್‌ಸೈಟ್ ವಿಳಾಸದ ಕೊನೇಲಿ ನಂಬರ್ ತಪ್ಪಾಗಿ ಒತ್ಬಿಟ್ಟೆ. ಬೇರೆಯವ್ರ ಮನೆ ಫೋಟೋ ಬಂದ್ಬಿಡ್ತು. ಹೂವಿನ ಮಧ್ಯ ಯಾರೋ ಯಜಮಾನ್ರು ಕೂತಿದ್ರು. ಕೈ ಮುಗ್ದು ಮುಚ್ಬಿಟ್ಟೆ. ಮುಂದಿಂದು ನೋಡ್ಲಿಲ್ಲ ಅಕ್ಕಾ."

ಅವರ ನಂಬರಿನ ಪಕ್ಕದ್ದು ನಮ್ಮ ಮನೆಯದು. ಕೂತಿದ್ದವರು ನೀವು.

ಧರ್ಮೇಶ್ ಕೊಟ್ಟ ಪಾಸ್‌ವರ್ಡ್‌ನಲ್ಲಿ ಒಳಗೆ ಹೋಗಿ ನಾನೇ ನಂಬರು ಬದಲಿಸಿ ನೋಡಿದೆ. ಊರಿನ ಮನೆಗಳೆಲ್ಲ ಒಂದೊಂದಾಗಿ ತೆರೆದುಕೊಂಡವು. ಒಳಗೆ ಬಂದವರಿಗೆ ಪಾಸ್‌ವರ್ಡ್ ಉಂಟೇ ಎಂದು ಆ ಸಾಫ್ಟ್‌ವೇರ್ ಕೇಳುತ್ತಿತ್ತು. ಇದು ನಿನ್ನ ಮನೆಯದೇ ಎಂದು ಕೇಳುತ್ತಿರಲಿಲ್ಲ. ಯಾರಾದರೂ ಒಂದು ಫೋಟೋವನ್ನು ವಾಟ್ಸಾಪ್‌ಗೆ ಹಾಕಿದ್ದರೆ ನಿಮ್ಮ ಹೆಸರು ಏನಾಗುತ್ತಿತ್ತು! ಆ ಕ್ಷಣವೇ ಎಲ್ಲವನ್ನೂ ಬಂದ್ ಮಾಡಿಸಿ, ಕಂಪನಿಯವರ ಜೊತೆ ಗಂಟಲು ಕಟ್ಟುವಷ್ಟು ಜಗಳ ಆಡಿದೆ. ನಿಮ್ಮ ಮಗಳಲ್ಲವೇ!

ಯಾರು ಏನೇನು ತೆರೆದರು ಎಂಬುದೆಲ್ಲ ಅದರಲ್ಲಿ ಉಳಿದಿರುತ್ತದೆ. ಹುಡುಕಿಸಿದೆ. ನಾನು ಪರೀಕ್ಷೆಗೆ ತೆರೆದದ್ದು ಬಿಟ್ಟರೆ, ಪರರ ಮನೆಗೆ ಕಾಲಿಟ್ಟವರು ಧರ್ಮೇಶ್ ಒಬ್ಬರೇ, ಅದೂ ನಿಮ್ಮ ಒಂದೇ ಚಿತ್ರಕ್ಕೆ. ಅಪ್ಪಾಜಿ, ನನಗೆ ಇನ್ನೂ ಬೆರಗು ಹೋಗಿಲ್ಲ. ಊರಿಗೆ ಊರೇ ತೆರೆದು ಬಿದ್ದಿತ್ತು. ಅವರು ನಿಮ್ಮೆದುರು ಕೈ ಮುಗಿದು ಹಿಂದೆ ಸರಿದರು. ನಿಮಗೂ ಅವರಿಗೂ ಪರಿಚಯವೇ ಇರಲಿಲ್ಲ.

ಆ ಫೋಟೋ ತೆಗೆದವಳು ನಾನು. ತೆಗೆದ ಮೇಲೆ ನೋಡುವ ಧೈರ್ಯ ಬಂದಿರಲಿಲ್ಲ.

ನಿನ್ನೆ ರಿಪೇರಿ ಮುಗಿಯಿತು. ಧರ್ಮೇಶ್ ಅವರನ್ನು ಸ್ಟುಡಿಯೋಕ್ಕೇ ಕರೆಸಿ, ಅವರ ಕೈಯಿಂದಲೇ ನಮ್ಮ ನಂಬರು ಒತ್ತಿಸಿದೆ. ತೆರೆಯಲಿಲ್ಲ. "ಈಗ ಸರಿ ಆಯ್ತು ಬಿಡಿ ಅಕ್ಕಾ" ಎಂದು ಅವರು ಹೊರಟರು.

ಆಮೇಲೆ ನನ್ನ ಪಾಸ್‌ವರ್ಡ್ ಹಾಕಿದೆ. ಇವಳು ಈ ಮನೆಯವಳೇ ಎಂದು ಅದಕ್ಕೆ ತಿಳಿಯಿತು. ತೆರೆಯಿತು. ನೀವು ಕಲಿಸಿದಂತೆಯೇ ಬೆಳಕು ಕಿಟಕಿಯಿಂದ ನಿಮ್ಮ ಮುಖದ ಮೇಲೆ ಬಿದ್ದಿತ್ತು. ತುಂಬ ಹೊತ್ತು ನೋಡಿದೆ.

ಬಾಗಿಲು ನಾನು ನೋಡಿಕೊಳ್ಳುತ್ತೇನೆ. ನೀವು ಕೂತಲ್ಲಿಂದಲೇ ಹರಸಿ. ಧರ್ಮೇಶ್ ಅವರನ್ನೂ.

ನಿಮ್ಮ ಮಗಳು,
ಐಶ್ವರ್ಯ