ತಾನಾಗಿ ನಿಂತ ಕಾರು

ನರ್ಸಮ್ಮನವರಿಗೆ ನಮಸ್ಕಾರ.

ನಿನ್ನೆ ನೀವು ಫೋನಿನಲ್ಲಿ, "ಹೊಸ ಕಾರು ತಗೊಂಡೆ ಮೇಷ್ಟ್ರೇ! ಮುಂದಿನ ಗಾಡಿ ನಿಧಾನ ಆದ್ರೆ ಇದೂ ತಾನೇ ಬ್ರೇಕ್ ಹಾಕುತ್ತೆ, ನಿಮ್ಮ ಕಾರಿನ ಥರಾನೇ. ಭಾನುವಾರ ಅಮ್ಮನ್ನ ಕೂರಿಸ್ಕೊಂಡು ಹೆದ್ದಾರಿಗೆ ಹೋಗ್ತೀನಿ" ಎಂದಿರಿ. ನಕ್ಕು ಫೋನಿಟ್ಟೆ. ಬಾಯಿಬಿಟ್ಟು ಹೇಳುವ ಧೈರ್ಯ ಸಾಲದೆ ಈ ಪತ್ರವನ್ನು ನಿಮ್ಮ ಆಸ್ಪತ್ರೆಯ ಕೌಂಟರಿನಲ್ಲಿ ಕೊಟ್ಟು ಹೋಗುತ್ತಿದ್ದೇನೆ.

ನೀವು ನನ್ನ ಹತ್ತಿರ ಡ್ರೈವಿಂಗ್ ಕಲಿಯುವಾಗ ಶಾಲೆಯ ಗೇಟಿನ ಬಳಿ ಒಬ್ಬ ಅಜ್ಜ ಅಡ್ಡ ಬಂದದ್ದು ನೆನಪಿದೆಯೇ? ಕಾರು ಗಕ್ಕನೆ ನಿಂತಿತು. "ತಾನೇ ನಿಲ್ತಾ ಮೇಷ್ಟ್ರೇ?" ಎಂದಿರಿ. ಇಡೀ ವಾರ್ಡಿಗೆ ಸೂಜಿ ಚುಚ್ಚುವ ನೀವು ಸ್ಟಿಯರಿಂಗ್ ಬಿಟ್ಟು ಇಳಿಯಲು ಬಾಗಿಲಿಗೆ ಕೈ ಹಾಕಿದಿರಿ. ನಾಳೆಯಿಂದ ನೀವು ಬರಲಿಕ್ಕಿಲ್ಲ ಅನ್ನಿಸಿ, "ಹೂಂ, ಸೆನ್ಸರ್ ಇದೆ" ಎಂದುಬಿಟ್ಟೆ.

ಆ ಡಕೋಟಾ ಗಾಡಿಯಲ್ಲಿ ಗಡಿಯಾರವೇ ನಡೆಯುವುದಿಲ್ಲ, ಸೆನ್ಸರ್ ಎಲ್ಲಿಂದ ಬರಬೇಕು? ಕಲಿಸುವ ಕಾರಲ್ಲವೇ, ಪಕ್ಕದ ಸೀಟಿನಲ್ಲಿ ನನ್ನ ಕಾಲ ಕೆಳಗೆ ಇನ್ನೊಂದು ಬ್ರೇಕ್ ಇತ್ತು. ಅವತ್ತು ಮಾತ್ರವಲ್ಲ, ಕಡೇ ದಿನದವರೆಗೂ ಅದನ್ನು ಒತ್ತಿದ್ದೇನೆ. ನೀವು ಹೆದರಿಕೆ ಬಿಟ್ಟಿರಿ, ಜೊತೆಗೆ ಬ್ರೇಕ್ ಒತ್ತುವುದನ್ನೂ ಬಿಟ್ಟಿರಿ.

ಹೊಸ ಕಾರಿನ ಸೆನ್ಸರ್ ನಿಜವಾದದ್ದೇ. ಆದರೂ ಮಂಜು ಕವಿದರೆ, ಕೆಸರು ಮೆತ್ತಿದರೆ ಅದಕ್ಕೂ ಕಣ್ಣು ಕಾಣದು. ಶನಿವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ, ನಿಮ್ಮ ಕಾರಿನಲ್ಲೇ ಹೋಗೋಣ. ಪಕ್ಕದಲ್ಲಿ ನಾನೇ ಕೂರುತ್ತೇನೆ. ಅಭ್ಯಾಸಬಲದಿಂದ ನನ್ನ ಕಾಲು ಕೆಳಗೆ ಒತ್ತೀತು, ಅದನ್ನು ನಂಬಬೇಡಿ. ಅಲ್ಲಿ ಬರೀ ಮ್ಯಾಟಿರುತ್ತದೆ. ಭಾನುವಾರ ಆ ಮ್ಯಾಟಿನ ಮೇಲೆ ನಿಮ್ಮ ಅಮ್ಮನ ಕಾಲಿರುತ್ತದೆ.

ಇಂತಿ,
ಸುಳ್ಳು ಹೇಳಿದ ನಿಮ್ಮ ಡ್ರೈವಿಂಗ್ ಮೇಷ್ಟ್ರು