ಅಕ್ಕ ಕೊಟ್ಟ ಮಾತ್ರೆ

ಜೂನ್ 9, ಸೋಮವಾರ

ಬೆಳಿಗ್ಗೆ ಉಬ್ಬಸಕ್ಕೆ ದಿನಾ ಎಳೆಯುವ ಕಂದು ಪಫರ್, ಬಾಯಿ ಮುಕ್ಕಳಿಸಿದ್ದು, ಮೇಲೆ ಹೃದಯದ ಮಾತ್ರೆ. ಎಂದಿನಂತೆ ಸೋಫಾ ರಿಪೇರಿ ಅಂಗಡಿಯಲ್ಲಿ ಕೆಲಸ. ಹಳೆಯ ಸೋಫಾ ಒಂದರ ಬಟ್ಟೆ ಬಿಚ್ಚಿದರೆ ಒಳಗೆ ಧೂಳು, ನಾಯಿಯ ಕೂದಲು, ಮುರಿದ ಬಾಚಣಿಗೆ. ಮಾಸ್ಕ್ ಇದ್ದರೂ ಎದೆ ಬಿಗಿಯಿತು. ತುರ್ತಿಗೆಂದು ಇಟ್ಟುಕೊಂಡ ನೀಲಿ ಪಫರ್ ಎಳೆದೆ. ಉಸಿರು ಸಡಿಲವಾಯಿತು, ಹೃದಯ ಹುಚ್ಚೆದ್ದಿತು. ಲಯವೇ ಇಲ್ಲದ ಓಟ. ಎಳೆದರೆ ಡವಡವ, ಎಳೆಯದಿದ್ದರೆ ಉಸಿರಿಲ್ಲ. ಎರಡು ತಿಂಗಳಿಂದ ಇದೇ ಗೋಳು.

ಮಾಲೀಕರು ಸದಾ ತುಟಿಯಲ್ಲಿ ಮೊಳೆ ಕಚ್ಚಿಕೊಂಡೇ ಮಾತಾಡುವವರು. ಬೆನ್ನ ಹಿಂದೆ ಎಲ್ಲರಿಗೂ ‘ಮೊಳೆಬಾಯಿ’. ಇವತ್ತು ಮೊಳೆ ಉಗುಳಿ ಹೇಳಿದರು: “ನೀವು ಬರೀ ಹೊಲಿಗೆ ನೋಡ್ಕೊಳ್ರಿ. ಬಿಚ್ಚೋದು ನನಗಿರಲಿ.”

ಜೂನ್ 11, ಸಂಜೆ

ಅಕ್ಕ ಬಂದಿದ್ದಳು. ಅವಳಿಗೂ ಹೃದಯ ತಾಳ ತಪ್ಪುವ ಕಾಯಿಲೆಯೇ. ಅಮ್ಮನ ಕಡೆಯಿಂದ ಇಬ್ಬರಿಗೂ ಬಂದ ಆಸ್ತಿ! ಉಬ್ಬಸ ಮಾತ್ರ ನನ್ನೊಬ್ಬಳ ಪಾಲು.

“ನಿನ್ನ ಡಾಕ್ಟರ್ ಮಾತ್ರೆ ಏನೂ ಕೆಲಸ ಮಾಡ್ತಿಲ್ಲ ಕಣೇ. ನಂದು ನೋಡು, ನುಂಗಿದ್ರೆ ಸಾಕು, ಹೃದಯ ಗಪ್‌ಚಿಪ್.” ಸ್ಟ್ರಿಪ್ಪಿನಿಂದ ಎರಡು ಮಾತ್ರೆ ಕತ್ತರಿಸಿ ನನ್ನ ಪರ್ಸಿಗೆ ತುರುಕಿದಳು. “ಜೋರಾದಾಗ ತಗೋ. ನಾನೇನು ವಿಷ ಕೊಡ್ತೀನಾ?”

ಇಬ್ಬರೂ ನಕ್ಕೆವು.

ಜೂನ್ 15, ಆಸ್ಪತ್ರೆ

ಕೈಯಲ್ಲಿ ಇನ್ನೂ ಡ್ರಿಪ್ ಸೂಜಿಯಿದೆ. ಆದರೂ ಬರೆಯಬೇಕು.

ಗುರುವಾರ ಮಧ್ಯಾಹ್ನ ಹೃದಯ ಮತ್ತೆ ಕುಣಿಯಿತು. ಅಕ್ಕನ ಮಾತ್ರೆ ನುಂಗಿದೆ. ಸ್ವಲ್ಪ ಹೊತ್ತಿಗೆ ಎದೆ ಶಾಂತ. ಅಬ್ಬಾ ಎಂದುಕೊಂಡೆ. ಆಮೇಲೆ ಗಂಟಲ ಕೆಳಗೆ ಯಾರೋ ದಾರ ಎಳೆದು ಗಂಟು ಹಾಕಿದ ಹಾಗೆ... ನೀಲಿ ಪಫರ್ ಎಳೆದೆ. ಏನೂ ಆಗಲಿಲ್ಲ. ಮತ್ತೆ ಎಳೆದೆ. ಏನೂ ಇಲ್ಲ. ಚಿಕ್ಕಂದಿನಿಂದ ಒಂದು ದಿನವೂ ಕೈಕೊಡದ ಪಫರ್! ಹೊಲಿಗೆ ಮಿಷಿನ್ ಮೇಲೆ ತಲೆ ಬಿತ್ತು. ಮೊಳೆಬಾಯಿ ನನ್ನನ್ನು ಎತ್ತಿ ಡೆಲಿವರಿ ವ್ಯಾನಿನಲ್ಲಿ, ಅರ್ಧ ಮುಗಿದ ಸೋಫಾದ ಮೇಲೆಯೇ, ಕೂರಿಸಿಕೊಂಡು ಓಡಿಸಿದ್ದಷ್ಟೇ ನೆನಪು.

ಡಾಕ್ಟರಮ್ಮ ಉಳಿದ ಮಾತ್ರೆಯನ್ನು ತಿರುಗಿಸಿ ನೋಡಿದರು. ಮುಖ ಬಿಳಿಚಿತು. “ಇದನ್ನ ಯಾರು ಕೊಟ್ರು?”

“ನಾನೇ ತಗೊಂಡೆ,” ಎಂದೆ.

ಪರದೆಯ ಪಕ್ಕದಿಂದ ಅಕ್ಕ: “ನಾನು ಕೊಟ್ಟೆ.”

ಡಾಕ್ಟರಮ್ಮ ಬೈಯಲಿಲ್ಲ. ಅಕ್ಕನ ಕಡೆ ತಿರುಗಿದರು. “ನಿಮಗಿದು ಔಷಧಿ. ಉಬ್ಬಸ ಇರೋರಿಗೆ ಇದು ಉಸಿರಿನ ಕೊಳವೆನೇ ಬಿಗಿಯುತ್ತೆ. ಮೇಲೆ ಪಫರ್ ಕೆಲಸ ಮಾಡದ ಹಾಗೂ ತಡೆಯುತ್ತೆ. ಇನ್ನೊಂದು ಸ್ವಲ್ಪ ತಡವಾಗಿದ್ರೆ...”

ಅಕ್ಕನ ಮುಖ ನೋಡಲಾಗಲಿಲ್ಲ. ನೀರು ತರುತ್ತೇನೆ ಎಂದು ಹೋದವಳು ತಿರುಗಿ ಬರಲೇ ಇಲ್ಲ.

ಜೂನ್ 18

ಮನೆಗೆ ಬಂದೆ. ಹೃದಯದ ಮಾತ್ರೆಯ ಪ್ರಮಾಣ ಬದಲಾಗಿದೆ. ಪಫರ್ ಬಾಯಿಗೆ ಸಿಕ್ಕಿಸಿ ಎಳೆಯಲು ಒಂದು ಪ್ಲಾಸ್ಟಿಕ್ ಕೊಳವೆ ಕೊಟ್ಟಿದ್ದಾರೆ. “ಹೆದರಿಕೊಂಡು ಪಫರ್ ಬಿಡಬೇಡಿ,” ಎಂದಿದ್ದಾರೆ ಡಾಕ್ಟರಮ್ಮ. “ಕಂದು ತಪ್ಪಿಸದಿದ್ರೆ ನೀಲಿ ಬೇಕಾಗೋದೇ ಕಡಿಮೆ. ಯಾವ ಹೊಸ ಮಾತ್ರೆ ಆದ್ರೂ ಮೊದಲು ನನಗೆ ಫೋನ್.”

ಅಕ್ಕ ಫೋನ್ ಎತ್ತುತ್ತಿಲ್ಲ. ಸಿಟ್ಟು ನನಗೆ ಬರಬೇಕಿತ್ತಲ್ಲವೇ?

ಜೂನ್ 27, ರಾತ್ರಿ, ಮತ್ತೆ ಅದೇ ಆಸ್ಪತ್ರೆ

ಈ ಸಲ ಹಾಸಿಗೆಯಲ್ಲಿ ಅಕ್ಕ.

ಸಂಜೆ ಭಾವನ ಫೋನ್: “ಎದ್ದು ನಿಂತ್ರೆ ಬೀಳ್ತಾಳೆ. ಯಾರ ಮಾತೂ ಕೇಳ್ತಿಲ್ಲ. ನೀನಾದ್ರೂ ಬಾ.” ಓಡಿದೆ. ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕತ್ತಿನ ನರ ಹೊರಗಿನಿಂದಲೇ ಕಾಣುವಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತು.

“ಮಾತ್ರೆ ತಗೊಂಡ್ಯಾ?”

“ಬಿಟ್ಟೆ.”

“ಯಾವತ್ತಿನಿಂದ?”

“ಅವತ್ತಿನಿಂದಲೇ. ನಿನ್ನ ಉಸಿರು ಕಟ್ಟಿಸಿದ್ದನ್ನ ನಾನು ಹೇಗೆ ನುಂಗ್ಲಿ? ಬಾಯಿ ಹತ್ರ ತಂದ್ರೆ ನಿನ್ನ ಮುಖ ಕಾಣುತ್ತೆ.”

ನನಗೆ ಸಿಡಿಲು ಬಡಿದಂತಾಯಿತು. ನಾನು ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದಾಗ ಇವಳು ಮನೆಯಲ್ಲಿ ಸದ್ದಿಲ್ಲದೆ ಸಾಯುತ್ತಿದ್ದಳು! ಡಾಕ್ಟರಮ್ಮನಿಗೆ ಫೋನ್ ಮಾಡಿದೆ. “ಇಂಥ ಮಾತ್ರೆ ಏಕಾಏಕಿ ಬಿಡೋದು ತುಂಬಾ ಅಪಾಯ. ಈಗ್ಲೇ ಕರ್ಕೊಂಡು ಬನ್ನಿ.”

ಇಲ್ಲಿ ಇಂಜೆಕ್ಷನ್ ಆಯಿತು. ಆಮೇಲೆ ನರ್ಸ್ ಅದೇ ಮಾತ್ರೆ ತಂದಳು. ಅಕ್ಕ ಚಿಕ್ಕ ಮಗುವಿನಂತೆ ತುಟಿ ಬಿಗಿದಳು. ನಾನೇ ಇಸಿದುಕೊಂಡೆ. ಅಂಗೈಯಲ್ಲಿ ಇಟ್ಟುಕೊಂಡರೆ ಮೈಯೆಲ್ಲ ಬೆವರು.

“ಅಕ್ಕಾ, ಬಾಯಿ ತೆಗಿ. ಸಿಟ್ಟಿಲ್ಲ ಅಂತ ಹೇಳಲ್ಲ. ಇದೆ. ಆದ್ರೆ ಬೈಯೋಕೆ ನೀನು ಬೇಕಲ್ವೇನೇ?”

ಅವಳು ಅತ್ತಳು. ಬಾಯಿ ತೆರೆದಳು. ನುಂಗಿದಳು. ನಾನು ಹುಚ್ಚಿಯಂತೆ ಅವಳ ಎದೆಯನ್ನೇ ನೋಡುತ್ತಾ ಕೂತೆ, ಎಲ್ಲಿ ಉಸಿರು ನಿಲ್ಲುತ್ತದೋ ಎಂದು. ನಿಲ್ಲಲಿಲ್ಲ. ಮಾನಿಟರಿನ ಅಂಕಿ ಮೆಲ್ಲಗೆ ಇಳಿಯುತ್ತಿದೆ.

ಈಗಷ್ಟೇ ಕಣ್ಣು ಬಿಟ್ಟಳು. ಕೈ ಚಾಚಿ ನನ್ನ ಮೊಣಕೈ ಮುಟ್ಟಿ ನೋಡಿದಳು.

“ಇದೀಯೇನೇ?”

ಇದ್ದೇನೆ ಎನ್ನಲು ಬಾಯಿ ತೆರೆದರೆ ಬಂದದ್ದು ಬೈಗುಳ: “ಇದೀನಿ ಕಣೇ, ಮಾತ್ರೆ ಬಿಡೋ ಹುಚ್ಚಿ!”