ಚೆಕ್‌ಪೋಸ್ಟಿನ ಎದುರು ಅಪ್ಪ

ಫೆಬ್ರುವರಿ 3, ಬೆಳಿಗ್ಗೆ

ಪೇಪರು, ಕಾಫಿ, ಸಿಟ್ಟು — ಇದೇ ಕ್ರಮದಲ್ಲಿ. ನಮ್ಮ ಪಡೆ ಮತ್ತೆ ಯಾವುದೋ ದೂರದ ದೇಶಕ್ಕೆ ಶಾಂತಿ ಕಾಯಲು ಹೊರಟಿದೆ. ‘ಹೆಮ್ಮೆಯ ಪರಂಪರೆ’ ಎಂದಿದ್ದಾರೆ ಮಂತ್ರಿಗಳು. ಮೂವತ್ತು ವರ್ಷದ ಹಿಂದೆ ನನ್ನಣ್ಣ ಇಂಥದೇ ಒಂದು ದೇಶಕ್ಕೆ ಹೊರಟಾಗಲೂ ಇದೇ ಮಾತು. ಅಕ್ಕಿ ಲಾರಿಗಳಿಗೆ ಕಾವಲು ನಿಂತು ಅಲ್ಲಿಯ ಸೇತುವೆಯೊಂದರ ಮೇಲೆ ಸತ್ತ. ‘ಅದು ಯುದ್ಧವಲ್ಲವಲ್ಲ’ ಎಂದು ಊರಿನ ಸ್ಮಾರಕದಲ್ಲಿ ಅವನಿಗೆ ಜಾಗ ಕೊಡಲಿಲ್ಲ.

ಈ ಸಲ ಹೊರಟವರಲ್ಲಿ ನನ್ನ ಮಗಳು.

ಫೆಬ್ರುವರಿ 5

ಊಟಕ್ಕೆ ಬಂದಿದ್ದಳು.

“ತರಬೇತಿಗೆ ಗಲಾಟೆ ಮಾಡೋ ಜನ ಬೇಕಂತೆ ಅಪ್ಪಾ. ಊರಿನವರನ್ನೇ ಕರೀತಾರೆ. ಅವರು ಬಾಯಿಗೆ ಬಂದಂಗೆ ಬೈತಾರೆ, ತಳ್ತಾರೆ. ನಾವು ಕೈ ಎತ್ತಬಾರದು.”

“ಎತ್ತಿದ್ರೆ?”

“ಎತ್ತಿದವರು ಇಲ್ಲೇ ಉಳೀತಾರೆ.”

“ನಿನಗೆ ಸಿಟ್ಟು ಮೂಗಿನ ತುದೀಲೇ ಇರುತ್ತಲ್ಲೇ.”

“ಯಾರ ಮಗಳು ಮತ್ತೆ?”

ಅವಳು ಹೋದ ಮೇಲೆ ಶಿಬಿರದ ಕ್ಯಾಪ್ಟನ್‌ಗೆ ಫೋನು ಮಾಡಿ ನಾನೂ ಬರುತ್ತೇನೆ ಎಂದೆ. ಯಾರ ತಂದೆಯೆಂದು ಹೇಳಲಿಲ್ಲ. ಇಲ್ಲಿ ಬರೆಯಬಹುದು, ಓದುವವರಿಲ್ಲ — ಅವಳು ಸೋಲಬೇಕು. ಎಲ್ಲಿ ಚುಚ್ಚಿದರೆ ಉರಿಯುತ್ತದೆಂದು ನನಗಿಂತ ಯಾರು ಬಲ್ಲರು?

ಫೆಬ್ರುವರಿ 9, ಸಂಜೆ

ಕಿರುಚಿ ಕಿರುಚಿ ಗಂಟಲು ಕಟ್ಟಿದೆ. ಮೈದಾನದಲ್ಲಿ ಡ್ರಮ್ಮುಗಳನ್ನಿಟ್ಟು ಮಾಡಿದ ಸುಳ್ಳು ಚೆಕ್‌ಪೋಸ್ಟ್. ಟೈಲರ್, ಬಸ್ ಕಂಡಕ್ಟರ್, ನಾನು, ಇನ್ನೊಂದಿಷ್ಟು ಜನ. ತಳ್ಳುವುದನ್ನು ಕಂಡಕ್ಟರ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನನ್ನನ್ನು ಕಂಡು ಮಗಳ ಕಣ್ಣು ಅರೆಗಳಿಗೆ ಅಗಲವಾಯಿತು. ಮತ್ತೆ ಕಲ್ಲಾಯಿತು.

“ನಿಮ್ಮಮ್ಮ ಬದುಕಿದ್ದಿದ್ರೆ ನಿನ್ನ ಮುಖ ನೋಡ್ತಿರಲಿಲ್ಲ” ಎಂದೆ.

ಲಾಠಿ ಹಿಡಿದ ಕೈ ಬಿಗಿಯಿತು. ಇನ್ನೊಂದು ಮಾತು ಸಾಕಿತ್ತು. ಆದರೆ ಬಾಯಿಂದ ಬಂದದ್ದೇ ಬೇರೆ.

“ನಮ್ಮಣ್ಣನೂ ಹೀಗೇ ಅಡ್ಡ ನಿಂತಿದ್ದ. ಏನು ಬಂತು? ಹೇಳು, ಏನು ಬಂತು?”

ಅದು ನಾಟಕವಾಗಿರಲಿಲ್ಲ.

ಲಾಠಿಯನ್ನು ಪಕ್ಕದವನ ಕೈಗೆ ಕೊಟ್ಟು ಮುಂದೆ ಬಂದಳು. “ಯಜಮಾನ್ರೇ, ಕೂತ್ಕೊಳ್ಳಿ. ನಿಮ್ಮಣ್ಣನ ವಿಷ್ಯ ಹೇಳಿ, ಕೇಳ್ತೀನಿ.”

ಮಂತ್ರಿಗಳು, ಸಾಹೇಬರು, ಪೇಪರಿನವರು — ಇಷ್ಟು ವರ್ಷ ಯಾರೂ ಹೇಳದ ಮಾತು. ಡ್ರಮ್ಮಿನ ಮೇಲೆ ಕೂತು ಹೇಳಿದೆ. ಗಲಾಟೆಗೆ ಬಂದವರೂ ಸುಮ್ಮನೆ ಕೇಳಿದರು. ಕಂಡಕ್ಟರ್ ಮೂಗು ಒರೆಸಿಕೊಂಡ.

ಪಾಸಾದಳು. ಜೀಪಿನ ಹಿಂದೆ ಸಿಕ್ಕಳು.

“ಬೇಕಂತಲೇ ಬಂದ್ಯಲ್ಲಪ್ಪಾ?”

“ಹೂಂ.”

“ಅಮ್ಮನ ಹೆಸರು ತೆಗೆದಾಗ ಒಂದೇಟು ಬಿಡೋಣ ಅನ್ನಿಸ್ತು.”

“ಬಿಡಬೇಕಿತ್ತು.”

“ಗೊತ್ತಾಯ್ತು. ಅದಕ್ಕೇ ಬಿಡಲಿಲ್ಲ.”

ಮಾರ್ಚ್ 1

ಹೊರಟಳು. ಬ್ಯಾಂಡು, ಭಾಷಣ. ಭಾಷಣಕ್ಕೆ ಉರಿದುಕೊಂಡೆ. ಅವಳಿಗೆ ಕೈ ಬೀಸಿದೆ. ಎರಡನ್ನೂ ಒಟ್ಟಿಗೇ ಮಾಡಬಹುದು.

ಏಪ್ರಿಲ್ 18

ಫೋನು ಬಂತು. ಅವರು ಕಾಯುವ ರಸ್ತೆಯಲ್ಲಿ ವರ್ಷಗಟ್ಟಲೆ ಮುಚ್ಚಿದ್ದ ಸಂತೆ ತೆರೆದಿದೆಯಂತೆ. ಹೆಂಗಸರು ಈರುಳ್ಳಿ ಮಾರುತ್ತಿದ್ದಾರಂತೆ.

“ಏನು ರೇಟು?” ಎಂದೆ.

“ಇಲ್ಲಿಯ ಸರ್ಕಾರಕ್ಕೂ ಬೈಬೇಕಾ?”

ಅವಳ ಹಿಂದೆ ಭಾರೀ ಗದ್ದಲ. ಜಗಳವಲ್ಲ, ಚೌಕಾಸಿ.

ಇವತ್ತು ಹೊಸ ಬ್ಯಾಚು. ಕ್ಯಾಪ್ಟನ್ ಮತ್ತೆ ಕರೆದಿದ್ದಾರೆ. ಈ ಸಲ ಇನ್ನೂ ಗಟ್ಟಿಯಾಗಿ ಬೈಯಬೇಕು. ಅಲ್ಲಿ ಈ ಹುಡುಗರಿಗೆ ಇದಕ್ಕಿಂತ ಕೆಟ್ಟ ಬೈಗುಳ ಕಾದಿರುತ್ತದೆ, ಇಲ್ಲೇ... ಜೀಪಿನ ಹಾರನ್ ಕೇಳಿಸ್ತಿದೆ. ಬಂದೆ ಮಾರಾಯಾ, ಚಪ್ಪಲಿ ಮೆಟ್ಟಿಕೊಳ್ಳೋಕಾದರೂ—